ನೆನಪನ್ನು ಅಳೆದ ಬಗೆ: ಮಂಗಳೂರಿನ ರಾಜನ್ ಮಹಾದೇವನ್



ನೆನಪಿನ ಶಕ್ತಿಯನ್ನು ಅಳೆಯುವ ಶಾಸ್ತ್ರದ ಚರಿತ್ರೆಯಲ್ಲಿ ನಮ್ಮ ಮಂಗಳೂರಿಗೂ ಒಂದು ಸ್ಥಾನವಿದೆ. ಮದರಾಸಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ಬೆಳೆದ ರಾಜನ್ ಮಹಾದೇವನ್ ಎಂಬ ತರುಣರು 1981ರ ಜುಲೈ 5ರಂದು ಅಲ್ಲಿ ಪೈ ಸಂಖ್ಯೆಯ 31,811 ಅಂಕಿಗಳನ್ನು ಬಾಯಿಪಾಠವಾಗಿ ಒಪ್ಪಿಸಿದರು. ವಿರಾಮವೂ ಸೇರಿ ಹಿಡಿದ ಕಾಲ 3 ಗಂಟೆ 49 ನಿಮಿಷ. ಅದು ಗಿನ್ನೆಸ್ ದಾಖಲೆಯಾಯಿತು; 1987ರಲ್ಲಿ ಜಪಾನಿನ ಹಿದೆಯಾಕಿ ತೊಮೊಯೊರಿ 40,000 ಅಂಕಿಗಳನ್ನು ಹೇಳಿ ಅದನ್ನು ದಾಟಿದರು.

ಆದರೆ ಮೊದಲೇ ಉರುಹೊಡೆದದ್ದನ್ನು ಒಪ್ಪಿಸಿದ ಮಾತ್ರಕ್ಕೆ ನೆನಪಿನ ಅಳತೆ ಸಿಕ್ಕುವುದಿಲ್ಲ. ಹಳೆಯ ಪರಿಚಯದ ಈ ತೊಡಕನ್ನು ಕಳೆಯಲೆಂದೇ ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ಕಟ್ಟಿ, ತಾವೇ ಕಲಿತು, ತಾವೇ ಮರೆತು, ಮರಳಿ ಕಲಿಯುವಾಗ ಎಷ್ಟು ಶ್ರಮ ಉಳಿಯಿತೆಂದು ಲೆಕ್ಕವಿಟ್ಟು, 1885ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಎರಡು ವರ್ಷಗಳ ತರುವಾಯ ಲಂಡನ್ನಿನ ಜೋಸೆಫ್ ಜೇಕಬ್ಸ್ ಇನ್ನೂ ಸರಳವಾದ ಪರೀಕ್ಷೆಯನ್ನು ಶಾಲಾಬಾಲಕಿಯರಿಗೆ ಕೊಟ್ಟರು. (ಮುಂದೆ ಭಾರತದ ಜನಪದ ಕಥೆಗಳ ಸಂಗ್ರಹವನ್ನು ಇಂಗ್ಲಿಷಿನಲ್ಲಿ ಹೊರತಂದವರೂ ಇವರೇ.) ಅಂಕಿಗಳನ್ನು ಒಂದೊಂದಾಗಿ ಓದಿ ಹೇಳುವುದು; ಕೇಳಿದವರು ಅದೇ ಕ್ರಮದಲ್ಲಿ ಮರಳಿ ಹೇಳುವುದು; ತಪ್ಪುವವರೆಗೂ ಸಾಲನ್ನು ಬೆಳೆಸುತ್ತ ಹೋಗುವುದು. ವಯಸ್ಕರಲ್ಲಿ ಹೆಚ್ಚಿನವರು ಏಳರ ಆಸುಪಾಸಿನಲ್ಲಿ ನಿಲ್ಲುತ್ತಾರೆ. ತರಗತಿಯಲ್ಲಿ ಮುಂದಿದ್ದವರು ಇದರಲ್ಲಿಯೂ ಮುಂದಿರುವುದನ್ನು ಜೇಕಬ್ಸ್ ಗಮನಿಸಿದರು.

ನಮ್ಮ ಉಬ್ರಾಣಿಯ ಕಡೆಯೂ ಹಿಂದೆ ಬುದ್ಧಿಯ ಅಳತೆಗೋಲು ಹೆಚ್ಚುಕಡಿಮೆ ಇದೇ ಆಗಿತ್ತು. ಮುಕ್ಕಾಲು ಮಗ್ಗಿಯನ್ನು ತಡವರಿಸದೆ ಹೇಳಿದವನು ಜಾಣ, ತಡವರಿಸಿದವನು ದಡ್ಡ. ಮನೆಯ ಅಡಿಕೆ ತೋಟದಲ್ಲಿ ಯಾವ ಸಾಲನ್ನು ಯಾವ ವರ್ಷ ನೆಟ್ಟರೆಂದು ಹೇಳಬಲ್ಲ ಹುಡುಗನಿಗೂ ಆ ಹೆಸರು ತಪ್ಪುತ್ತಿರಲಿಲ್ಲ. ಅವನ ನೆನಪನ್ನು ಅಳೆಯುವ ಪರೀಕ್ಷೆ ನಮ್ಮಲ್ಲಿ ಇರಲಿಲ್ಲ, ಅಷ್ಟೆ.

ರಾಜನ್ ಅವರ ವಿಷಯದಲ್ಲಿ ಈ ಪ್ರಶ್ನೆಯೇ ಚರ್ಚೆಗೆ ಬಂದಿತು. ಅಮೆರಿಕದ ಕನ್ಸಾಸ್ ರಾಜ್ಯ ವಿಶ್ವವಿದ್ಯಾನಿಲಯದಲ್ಲಿ ಚಾರ್ಲ್ಸ್ ಥಾಂಪ್ಸನ್ ಮತ್ತು ಸಂಗಡಿಗರು ಅವರನ್ನು ದೀರ್ಘಕಾಲ ಪರೀಕ್ಷಿಸಿದರು. ನಾವು ಏಳಕ್ಕೆ ನಿಲ್ಲುವ ಕಡೆ ಅವರು ನಲವತ್ತನ್ನೂ ದಾಟುತ್ತಿದ್ದರು. 1993ರ ಪುಸ್ತಕದಲ್ಲಿ ಈ ಸಂಶೋಧಕರು ಅದನ್ನು ಹುಟ್ಟಿನಿಂದ ಬಂದ ಶಕ್ತಿಯೆನ್ನುವ ಕಡೆಗೆ ವಾಲಿದರು. ಅಷ್ಟರಲ್ಲಾಗಲೇ, 1992ರಲ್ಲಿ, ಬೇರೊಂದು ತಂಡವು ಅವರಿಗೆ ದಿನಬಳಕೆಯ ವಸ್ತುಗಳ ಚಿತ್ರಗಳನ್ನು ತೋರಿಸಿ, ಯಾವುದು ಎಲ್ಲಿತ್ತು, ಯಾವ ಕಡೆಗೆ ಮುಖ ಮಾಡಿತ್ತು ಎಂದು ಕೇಳಿತ್ತು. ಅದರಲ್ಲಿ ಅವರು ಎಲ್ಲರಂತೆಯೇ ಸಾಧಾರಣರು!

ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಅಂಕಿಗಳ ಬದಲಿಗೆ ಪ್ರಶ್ನಾರ್ಥಕದಂತಹ ಚಿಹ್ನೆಗಳನ್ನು ಕೊಟ್ಟು ನೋಡಿದರು. 2004ರಲ್ಲಿ ಪ್ರಕಟವಾದ ಆ ಲೇಖನದ ಕರ್ತೃಗಳಲ್ಲಿ ಸ್ವತಃ ರಾಜನ್ ಕೂಡ ಒಬ್ಬರು. ಮೊದಮೊದಲು ಅವರಿಗೆ ನೆನಪಿನಲ್ಲಿ ನಿಂತದ್ದು ಸುಮಾರು ಆರು ಚಿಹ್ನೆಗಳು, ಸಾಮಾನ್ಯ ವಿದ್ಯಾರ್ಥಿಗಳಿಗೆ ನಿಲ್ಲುವಷ್ಟೇ. ಅಭ್ಯಾಸವಾದಂತೆ ಈ ಸಂಖ್ಯೆ ಹಲವು ಪಟ್ಟು ಬೆಳೆಯಿತು. ಹೇಗೆಂದು ವಿಚಾರಿಸಿದಾಗ ಗುಟ್ಟು ತಿಳಿಯಿತು: ಅವರು ಚಿಹ್ನೆಗಳನ್ನು ಮನಸ್ಸಿನಲ್ಲಿಯೇ ಅಂಕಿಗಳನ್ನಾಗಿ ಮಾರ್ಪಡಿಸಿಕೊಳ್ಳುತ್ತಿದ್ದರು.