ಟೆಸ್ಟ್ ಪಾಸಾಯಿತು, ಆದರೆ ಯಾವ ಲೈಬ್ರರಿಯದ್ದು?

ತಿದ್ದಿದ ಲೈಬ್ರರಿಯೊಂದನ್ನು ಕಂಪೈಲ್ ಮಾಡಿ ಟೆಸ್ಟ್ ಓಡಿಸಿದರೆ ಎಲ್ಲವೂ ಪಾಸ್. ಆದರೆ ಟೆಸ್ಟ್ ಪ್ರೋಗ್ರಾಂ ಎತ್ತಿಕೊಂಡದ್ದು ಹೊಸ ಲೈಬ್ರರಿಯನ್ನಲ್ಲ, ಯಂತ್ರದಲ್ಲಿ ಮೊದಲೇ ಇದ್ದ ಹಳೆಯದನ್ನು. ಫೇಲಾದ ಟೆಸ್ಟಿಗಿಂತ ಇಂಥ ಸುಳ್ಳು ಪಾಸ್ ಹೆಚ್ಚು ಅಪಾಯಕಾರಿ. ಟೆಸ್ಟ್ ಪ್ರೋಗ್ರಾಂ ಯಾವ ಫೋಲ್ಡರಿನಲ್ಲಿರಬೇಕು ಎಂಬ ಪ್ರಶ್ನೆಯ ಇತಿಹಾಸದಲ್ಲಿ ಈ ಭಯಕ್ಕೆ ದೊಡ್ಡ ಪಾಲಿದೆ.

ಲೈಬ್ರರಿಯನ್ನು ಪ್ರೋಗ್ರಾಮಿನೊಳಗೇ ಸೇರಿಸಿಬಿಡುತ್ತಿದ್ದ ಕಾಲದಲ್ಲಿ ಈ ತೊಡಕಿರಲಿಲ್ಲ. ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಶೇರ್ಡ್ ಲೈಬ್ರರಿಗಳು ಬಂದ ಮೇಲೆ, ಓಡುವ ಹೊತ್ತಿಗೆ ಅವನ್ನು ಎಲ್ಲಿ ಹುಡುಕಬೇಕೆಂಬುದು ಮುಖ್ಯವಾಯಿತು. 1990ರ ದಶಕದಲ್ಲಿ ಬಂದ ಗ್ನೂ ಲಿಬ್‌ಟೂಲ್ ಒಂದು ಉಪಾಯ ಹೂಡಿತು. ನಿಜವಾದ ಪ್ರೋಗ್ರಾಮನ್ನು ‘ಡಾಟ್ ಲಿಬ್ಸ್’ ಎಂಬ ಮರೆಯ ಫೋಲ್ಡರಿನಲ್ಲಿಟ್ಟು, ಅದೇ ಹೆಸರಿನ ಶೆಲ್ ಸ್ಕ್ರಿಪ್ಟನ್ನು ಹೊರಗಿಟ್ಟಿತು. ಸ್ಕ್ರಿಪ್ಟ್ ಹೊಸ ಲೈಬ್ರರಿಯ ದಾರಿ ತೋರಿಸಿ, ಬಳಿಕ ಒಳಗಿನದನ್ನು ಓಡಿಸುತ್ತದೆ. ಡಿಬಗ್ಗರ್ ಹಿಡಿದು ಹೋದವರಿಗೆ ಮಾತ್ರ ಸಿಗುವುದು ಬರೀ ಸ್ಕ್ರಿಪ್ಟ್!

ವಿಂಡೋಸ್‌ನ ದಾರಿ ಬೇರೆ. ಅಲ್ಲಿ ಡಿಎಲ್‌ಎಲ್‌ಗಳಿಗಾಗಿ ಸಾಮಾನ್ಯವಾಗಿ ಮೊದಲು ಹುಡುಕುವುದು ಪ್ರೋಗ್ರಾಂ ಇರುವ ಫೋಲ್ಡರನ್ನೇ. ಹಾಗಾಗಿ ಟೆಸ್ಟ್‌ಗಳನ್ನೂ ಡಿಎಲ್‌ಎಲ್‌ಗಳನ್ನೂ ಒಂದೇ ಫೋಲ್ಡರಿಗೆ ತುಂಬುವ ರೂಢಿ ಬೆಳೆಯಿತು. ಇಲ್ಲವೇ ಡಿಎಲ್‌ಎಲ್‌ಗಳ ನಕಲು ಮಾಡಬೇಕು. ಯಾವುದನ್ನೆಲ್ಲ ನಕಲಿಸಬೇಕೆಂದು ಪಟ್ಟಿ ಕೊಡುವ ಅನುಕೂಲ ಸಿಮೇಕ್‌ಗೆ ಬಂದದ್ದು 2021ರ 3.21ನೇ ಆವೃತ್ತಿಯಲ್ಲಿ.

ಲಿನಕ್ಸ್‌ನಲ್ಲಿ ಲೈಬ್ರರಿಯ ವಿಳಾಸವನ್ನು ಪ್ರೋಗ್ರಾಮಿನಲ್ಲೇ ಬರೆದಿಡಬಹುದು, ಇದೇ ‘ಆರ್‌ಪಾತ್’. ಮ್ಯಾಕ್‌ಗೆ ಅದು 2007ರ ಲೆಪರ್ಡ್ ಆವೃತ್ತಿಯಲ್ಲಿ ಬಂತು. ವಿಳಾಸವನ್ನು ಪರಿಸರ ಚರಗಳ ಮೂಲಕ ತಿಳಿಸುತ್ತಿದ್ದ ಹಳೆಯ ಪದ್ಧತಿಗೆ ಮ್ಯಾಕ್‌ನಲ್ಲಿ 2015ರಲ್ಲಿ ಪೆಟ್ಟು ಬಿತ್ತು. ಎಲ್ ಕ್ಯಾಪಿಟನ್ ಆವೃತ್ತಿಯ ಹೊಸ ಭದ್ರತೆ, ಸಿಸ್ಟಮ್ಮಿನ ಶೆಲ್ ಮೂಲಕ ಹೋಗುವಾಗ ಆ ಚರಗಳನ್ನು ಅಳಿಸಿಹಾಕುತ್ತಿತ್ತು.

ಆರ್‌ಪಾತ್‌ಗೂ ಮಿತಿಯಿದೆ. ಕಟ್ಟಿದವರ ಯಂತ್ರದ ವಿಳಾಸವನ್ನು ಹೊತ್ತ ಪ್ರೋಗ್ರಾಂ ಬಳಕೆದಾರರ ಕೈ ಸೇರಿದರೆ, ಅದೇ ಹೆಸರಿನ ಫೋಲ್ಡರಿನಲ್ಲಿ ಬೇರೊಬ್ಬರಿಟ್ಟ ಲೈಬ್ರರಿಯನ್ನು ಅದು ನಂಬಿಬಿಡಬಹುದು. ಅದಕ್ಕೇ ಸಿಮೇಕ್ ಇನ್‌ಸ್ಟಾಲ್ ಮಾಡುವಾಗ ಆ ವಿಳಾಸವನ್ನು ತೆಗೆಯುತ್ತದೆ ಅಥವಾ ಬದಲಿಸುತ್ತದೆ. ಗ್ನೋಮ್ ಯೋಜನೆಯವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಟೆಸ್ಟ್‌ಗಳನ್ನೂ ‘ಲಿಬ್‌ಎಕ್ಸೆಕ್’ ಫೋಲ್ಡರಿನೊಳಗೆ ಇನ್‌ಸ್ಟಾಲ್ ಮಾಡಿ, ನಿಜವಾದ ಸಿಸ್ಟಮ್ಮಿನಲ್ಲೇ ಓಡಿಸುವ ಕ್ರಮ ತಂದರು.

ಎಲ್ಲ ಕಡೆಗೂ ಒಪ್ಪುವ ಒಂದೇ ಜಾಗ ಇಂದಿಗೂ ಇಲ್ಲ. ಟೆಸ್ಟ್ ಎಲ್ಲೇ ಕೂರಲಿ, ಪರೀಕ್ಷಿಸಬೇಕಾದ ಲೈಬ್ರರಿಯನ್ನೇ ಅದು ಎತ್ತಿಕೊಳ್ಳಬೇಕು. ಇಲ್ಲದಿದ್ದರೆ ಪಾಸ್ ಎಂಬ ಮಾತಿಗೆ ಬೆಲೆಯಿಲ್ಲ.