1951ನೆಯ ಇಸವಿಯ ಸ್ಯಾನ್ ಫ್ರಾನ್ಸಿಸ್ಕೋ ಕಾಲ್ಚೆಂಡಿನ ತಂಡ

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಕಾಲ್ಚೆಂಡಾಟವು ಭಾರತದಲ್ಲಿ ಆ ಹೆಸರಿನಿಂದ ಪ್ರಸಿದ್ಧವಾಗಿರುವ ಆಟಕ್ಕಿಂತ ಭಿನ್ನವಾದುದು. ಪಕ್ಷಕ್ಕೆ ಹನ್ನೊಂದು ಮಂದಿಯಂತೆ ನಿಂತು, ಎರಡು ತುದಿಗಳೂ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡಿಯೂ ಎಸೆದೂ ಎದುರಾಳಿಗಳ ಗೆರೆಯನ್ನು ದಾಟಿಸುವುದೇ ಇದರ ಕ್ರಮ. ಕಾಲೇಜುಗಳ ಶರತ್ಕಾಲದ ಪಂದ್ಯಗಳು ಮುಗಿದ ತರುವಾಯ, ಹೊಸ ವರ್ಷದ ಸುಮಾರಿಗೆ ‘ಬೌಲ್’ ಎಂಬ ವಿಶೇಷ ಪಂದ್ಯಗಳು ನಡೆಯುತ್ತವೆ. 1951ರ ಕಾಲಕ್ಕೆ ಇವುಗಳಲ್ಲಿ ಹಲವು ದಕ್ಷಿಣ ಸಂಸ್ಥಾನಗಳ ಪಟ್ಟಣಗಳಲ್ಲಿ ನಡೆಯುತ್ತಿದ್ದವು. ಯಾವ ತಂಡವನ್ನು ಕರೆಯಬೇಕೆಂಬುದು ಆಯಾ ಪಟ್ಟಣದ ಸಮಿತಿಯ ಇಚ್ಛೆಗೆ ಸೇರಿತ್ತು. ಕಪ್ಪು ಜನರನ್ನು ಶಾಲೆ, ರೈಲು, ವಸತಿಗೃಹ ಮೊದಲಾದೆಡೆಗಳಲ್ಲಿ ಬೇರ್ಪಡಿಸುವ ಪದ್ಧತಿ ಆ ಸಂಸ್ಥಾನಗಳಲ್ಲಿ ಆಗ ಶಾಸನಬದ್ಧವಾಗಿತ್ತು. ಮುಂದಿನ ವೃತ್ತಾಂತಕ್ಕೆ ಈ ಎರಡು ಸಂಗತಿಗಳೂ ಮೂಲವಾಗಿವೆ.

ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾನಿಲಯವು ಜೆಸುಯಿಟ್ ಪಾದ್ರಿಗಳು 1855ರಲ್ಲಿ ಸ್ಥಾಪಿಸಿದ ಸಂಸ್ಥೆ. 1951ರಲ್ಲಿ ಅದರ ತಂಡಕ್ಕೆ ಜೋ ಕುಹಾರಿಚ್ ಶಿಕ್ಷಕನಾಗಿದ್ದನು; ಪೀಟ್ ರೊಜೆಲ್ ಎಂಬ ತರುಣನು ಪ್ರಚಾರಾಧಿಕಾರಿಯಾಗಿದ್ದನು. ಎರಡನೆಯ ಮಹಾಯುದ್ಧದಲ್ಲಿ ಹೋರಾಡಿ ಬಂದಿದ್ದ ಜಿನೊ ಮಾರ್ಚೆಟ್ಟಿ, ಭಾರಿ ಮೈಕಟ್ಟಿನ ಬಾಬ್ ಸೇಂಟ್ ಕ್ಲೇರ್ ಮೊದಲಾದವರು ಆಟಗಾರರು. ಆಲಿ ಮ್ಯಾಟ್ಸನ್, ಬರ್ಲ್ ಟೋಲರ್ ಎಂಬಿಬ್ಬರು ಕಪ್ಪು ಜನಾಂಗದವರು.

ಆ ವರ್ಷ ಈ ತಂಡವು ಆಡಿದ ಒಂಬತ್ತು ಪಂದ್ಯಗಳಲ್ಲಿ ಒಂಬತ್ತನ್ನೂ ಗೆದ್ದಿತು. ಸ್ಯಾನ್ ಹೋಸೆ ಕಾಲೇಜನ್ನು 39–2ರಿಂದ ಸೋಲಿಸಿದ ಆರಂಭವೇ ಭರ್ಜರಿಯಾಗಿತ್ತು. ನ್ಯೂಯಾರ್ಕಿನಲ್ಲಿ ಫೋರ್ಡಂ ವಿಶ್ವವಿದ್ಯಾನಿಲಯದ ಎದುರು ದೊರೆತ 32–26ರ ಜಯ ಮಾತ್ರ ಶ್ರಮದಿಂದ ಬಂದುದು. ಅಲ್ಲಿ ಮ್ಯಾಟ್ಸನ್ ಎದುರಾಳಿಗಳು ಒದ್ದ ಚೆಂಡನ್ನು ಹಿಡಿದು ಮೈದಾನದ ಉದ್ದಕ್ಕೂ ಎರಡು ಬಾರಿ ಓಡಿ ಗುರಿ ಮುಟ್ಟಿಸಿದನು. ಪ್ಯಾಸಿಫಿಕ್ ಕಾಲೇಜು 47–14ರಿಂದಲೂ ಲೊಯೋಲಾ ವಿಶ್ವವಿದ್ಯಾನಿಲಯವು 20–2ರಿಂದಲೂ ಸೋತವು. ಇಡೀ ಋತುವಿನಲ್ಲಿ ಮ್ಯಾಟ್ಸನ್ ಚೆಂಡಿನೊಡನೆ ಓಡಿದ ದೂರ 1566 ಗಜ. ದೇಶದಲ್ಲಿ ಆ ವರ್ಷ ಅದಕ್ಕಿಂತ ಹೆಚ್ಚಾಗಿ ಓಡಿದವರಿಲ್ಲ.

ಇಷ್ಟಾದರೂ ಯಾವ ಬೌಲ್ ಪಂದ್ಯಕ್ಕೂ ತಂಡಕ್ಕೆ ಕರೆ ಬರಲಿಲ್ಲ. ಇದಕ್ಕೆ ಎರಡು ಕಾರಣಗಳನ್ನು ಹೇಳುವುದುಂಟು. ಎದುರಾಳಿಗಳು ದುರ್ಬಲರಾಗಿದ್ದರೆಂಬುದು ಮೊದಲನೆಯದು. ಇದು ಕೇವಲ ನಿರಾಧಾರವಲ್ಲ: ಒಂಬತ್ತರಲ್ಲಿ ಎರಡು ಪಂದ್ಯಗಳು ಸೈನಿಕ ತಂಡಗಳ ಮೇಲೆ ನಡೆದವು, ಪತ್ರಿಕಾಕರ್ತರ ಶ್ರೇಣಿಯಲ್ಲಿ ತಂಡಕ್ಕೆ ದೊರೆತುದು 14ನೆಯ ಸ್ಥಾನ. ಎರಡನೆಯದು ವರ್ಣಭೇದ. ಕಪ್ಪು ಆಟಗಾರರಿಬ್ಬರನ್ನೂ ಬಿಟ್ಟು ಬರುವುದಾದರೆ ಕರೆ ಬಂದೀತೆಂಬ ಸೂಚನೆ ದೊರೆತಿತ್ತೆಂದೂ ಉಳಿದವರು ಅದನ್ನು ಒಪ್ಪಲಿಲ್ಲವೆಂದೂ ತಂಡದವರೇ ಮುಂದೆ ಹೇಳಿದ್ದಾರೆ. ಈ ಹೇಳಿಕೆಯನ್ನು ಅಂಗೀಕರಿಸಿದರೆ ಮೊದಲನೆಯ ಕಾರಣವು ತಾನಾಗಿಯೇ ಶಿಥಿಲವಾಗುತ್ತದೆ. ದೌರ್ಬಲ್ಯವೇ ಆಕ್ಷೇಪಣೆಯಾಗಿದ್ದ ಪಕ್ಷದಲ್ಲಿ, ದೇಶದಲ್ಲೇ ಶ್ರೇಷ್ಠನಾದ ಓಟಗಾರನನ್ನು ಕಳೆದುಕೊಂಡ ತಂಡವು ಹೆಚ್ಚು ಯೋಗ್ಯವಾಗುವುದು ಹೇಗೆ? ದಕ್ಷಿಣದಲ್ಲಿ ಇಂತಹ ಪಂದ್ಯವೇ ಅಸಾಧ್ಯವಾಗಿತ್ತೆನ್ನುವಂತೆಯೂ ಇಲ್ಲ. 1948ರಲ್ಲಿ ಡಲ್ಲಾಸಿನ ಕಾಟನ್ ಬೌಲಿನಲ್ಲಿ ಪೆನ್ಸಿಲ್ವೇನಿಯಾ ಸ್ಟೇಟ್ ಕಾಲೇಜಿನ ಇಬ್ಬರು ಕಪ್ಪು ಆಟಗಾರರು ಆಡಿದ್ದರು. ನ್ಯೂ ಆರ್ಲಿಯನ್ಸಿನ ಶುಗರ್ ಬೌಲಿನಲ್ಲಾದರೋ ಅಂತಹ ಅವಕಾಶ ಒದಗಿದುದು 1956ರಲ್ಲಿ, ಜಾರ್ಜಿಯಾದ ಗವರ್ನರನ ವಿರೋಧವಿದ್ದಾಗ್ಯೂ.

ಪಂದ್ಯ ತಪ್ಪಿದುದರೊಡನೆ ಅದರ ಆದಾಯವೂ ತಪ್ಪಿತು. ಆಟದ ವೆಚ್ಚವನ್ನು ಹೊರಲಾರದೆ ವಿಶ್ವವಿದ್ಯಾನಿಲಯವು ಆ ಋತುವಿನ ಕೊನೆಗೆ ತಂಡವನ್ನೇ ವಿಸರ್ಜಿಸಿತು. ಆದರೆ ಆಟಗಾರರ ಕೀರ್ತಿ ಅಲ್ಲಿಗೆ ಮುಗಿಯಲಿಲ್ಲ. ಮ್ಯಾಟ್ಸನ್ 1952ರ ಹೆಲ್ಸಿಂಕಿ ಒಲಿಂಪಿಕ್ಸಿನ ಓಟಗಳಲ್ಲಿ ಎರಡು ಪದಕಗಳನ್ನು ಪಡೆದನು. ಅವನೂ ಮಾರ್ಚೆಟ್ಟಿ, ಸೇಂಟ್ ಕ್ಲೇರರೂ ವೃತ್ತಿ ಕಾಲ್ಚೆಂಡಿನ ಕೀರ್ತಿಮಂದಿರದಲ್ಲಿ ಸ್ಥಾನ ಪಡೆದರು. ರೊಜೆಲನು 1960ರಲ್ಲಿ ರಾಷ್ಟ್ರೀಯ ಕಾಲ್ಚೆಂಡು ಲೀಗಿನ ಮುಖ್ಯಾಧಿಕಾರಿಯಾದನು. ಮೊಣಕಾಲಿನ ಪೆಟ್ಟಿನಿಂದ ಆಟವನ್ನು ಬಿಡಬೇಕಾಗಿ ಬಂದ ಟೋಲರನು 1965ರಲ್ಲಿ ಅದೇ ಲೀಗಿನ ಪ್ರಥಮ ಕಪ್ಪು ತೀರ್ಪುಗಾರನಾದನು. ಯಾರನ್ನು ಆಟದ ಮೈದಾನದಿಂದ ಹೊರಗಿರಿಸಬೇಕೆಂದು ಬಯಸಲಾಗಿತ್ತೋ ಅವನೇ ಮೈದಾನದ ನಿಯಮಗಳನ್ನು ನಡೆಸುವವನಾದುದು ಗಮನಾರ್ಹ.

ಅಂಕಿಅಂಶಗಳ ದೃಷ್ಟಿಯಿಂದ ಈ ತಂಡದ ಸಾಧನೆ ಒಂಬತ್ತು ಜಯಗಳು. ಆದರೆ ಚರಿತ್ರೆಯಲ್ಲಿ ಅದರ ಹೆಸರು ನಿಂತಿರುವುದು ಆಡದೆ ಬಿಟ್ಟ ಹತ್ತನೆಯ ಪಂದ್ಯದಿಂದ.