ಭದ್ರಾ ಅಚ್ಚುಕಟ್ಟಿನ ಮಣ್ಣಿನ ಸೂಕ್ಷ್ಮಜೀವಿಗಳು: ಗೊಬ್ಬರ, ನೀರು ಮತ್ತು ಹುಳಿತನ

ಶಿವಮೊಗ್ಗ, ಭದ್ರಾವತಿ ತಾಲ್ಲೂಕುಗಳಲ್ಲಿ ಗೊಬ್ಬರದ ಮಾತೆದ್ದರೆ ಎರಡು ಪಕ್ಷಗಳಾಗುತ್ತವೆ. ಹಳ್ಳಿಗಳಲ್ಲಿ 'ಸರ್ಕಾರಿ ಗೊಬ್ಬರ' ಎಂದೇ ಕರೆಯುವ ರಾಸಾಯನಿಕ ಗೊಬ್ಬರ ಮಣ್ಣಿನ ಜೀವವನ್ನು ಕೊಂದಿತು ಎನ್ನುವವರು ಒಂದು ಕಡೆ, ಅದಿಲ್ಲದೆ ಕಣ ತುಂಬುವುದಿಲ್ಲ ಎನ್ನುವವರು ಇನ್ನೊಂದು ಕಡೆ. ಮಣ್ಣಿನ ಸೂಕ್ಷ್ಮಜೀವಿಗಳ ಬಗ್ಗೆ ಈಗ ದೊರೆಯುವ ತಿಳಿವಳಿಕೆ ಈ ಎರಡೂ ಪಕ್ಷಗಳಿಗೆ ಪೂರ್ತಿ ಒದಗಿಬರುವುದಿಲ್ಲ. ಗೊಬ್ಬರ ಚೀಲದಿಂದ ಬಂತೋ ಕೊಟ್ಟಿಗೆಯಿಂದ ಬಂತೋ ಎಂಬುದಕ್ಕಿಂತ, ಅದು ಮಣ್ಣಿನ ಹುಳಿತನಕ್ಕೆ, ಇಂಗಾಲಕ್ಕೆ, ಗಾಳಿಯಾಟಕ್ಕೆ ಏನು ಮಾಡಿತು ಎಂಬುದು ಮುಖ್ಯ. ಈ ಸೀಮೆಯಲ್ಲಿ ಈ ಮೂರನ್ನೂ ಒಟ್ಟಿಗೆ ಬದಲಿಸುತ್ತಿರುವುದು ಭತ್ತದ ಗದ್ದೆ ಅಡಿಕೆ ತೋಟವಾಗುತ್ತಿರುವ ಪ್ರಕ್ರಿಯೆ. ಆದ್ದರಿಂದ ಮಣ್ಣಿನ ಜೀವವಿಜ್ಞಾನದ ಕಣ್ಣು ಮೊದಲು ಬೀಳಬೇಕಾದದ್ದು ಅಲ್ಲಿಗೆ ಎಂಬುದು ಈ ಲೇಖನದ ವಾದ.

ಎರಡೂ ತಾಲ್ಲೂಕುಗಳು ಕೃಷಿ ವಲಯಗಳ ವಿಂಗಡಣೆಯಲ್ಲಿ ದಕ್ಷಿಣ ಅರೆಮಲೆನಾಡು ವಲಯಕ್ಕೆ ಸೇರುತ್ತವೆ. ಪಶ್ಚಿಮಕ್ಕೆ ಸರಿದಂತೆ ತೀರ್ಥಹಳ್ಳಿ, ಹೊಸನಗರ, ಸಾಗರಗಳ ಜಂಬಿಟ್ಟಿಗೆ ಮಣ್ಣು ಮತ್ತು ಹುಚ್ಚು ಮಳೆ. ಇಲ್ಲಿ ಕೆಂಪು ಗೋಡು, ಅಲ್ಲಲ್ಲಿ ಕಪ್ಪು ನೆಲ, ಮತ್ತು ನಾಲೆಯ ನೀರು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟೆಯ ಅಚ್ಚುಕಟ್ಟು ಸುಮಾರು 1.05 ಲಕ್ಷ ಹೆಕ್ಟೇರ್. ಮಳೆಯನ್ನು ನಂಬಿದ್ದ ಹೊಲಗಳಿಗೆ ನೀರು ಬಂದು ಅವು ವರ್ಷಕ್ಕೆ ಎರಡು ಬೆಳೆಯ ಕೆಸರು ಗದ್ದೆಗಳಾದವು; ಅದೇ ಗದ್ದೆಗಳಲ್ಲಿ ಈಗ ಅಡಿಕೆ ಸಸಿ ಏಳುತ್ತಿವೆ. ಅಂದರೆ ಒಂದೆರಡು ತಲೆಮಾರಿನೊಳಗೆ ಈ ನೆಲದ ಜೀವಸಮುದಾಯ ಎರಡು ಬಾರಿ ತಲೆಕೆಳಗಾಗಿದೆ.

ಹುಳಿತನದ ಲೆಕ್ಕ

ಮಣ್ಣಿನ ಬ್ಯಾಕ್ಟೀರಿಯಾಗಳ ವೈವಿಧ್ಯವನ್ನು ಯಾವುದು ನಿರ್ಧರಿಸುತ್ತದೆ ಎಂಬ ಪ್ರಶ್ನೆಗೆ 2006ರಲ್ಲಿ ಫಿಯರರ್ ಮತ್ತು ಜಾಕ್ಸನ್ ಕೊಟ್ಟ ಉತ್ತರ ಹಲವರನ್ನು ಅಚ್ಚರಿಗೊಳಿಸಿತು. ಉತ್ತರ ಮತ್ತು ದಕ್ಷಿಣ ಅಮೆರಿಕದ 98 ಮಣ್ಣುಗಳಲ್ಲಿ ತಾಪಮಾನವೂ ಅಲ್ಲ, ಅಕ್ಷಾಂಶವೂ ಅಲ್ಲ, ಹುಳಿತನದ ಅಳತೆಯಾದ ರಸಸಾರವೇ (ಪಿಎಚ್) ವೈವಿಧ್ಯದ ಅತ್ಯುತ್ತಮ ಸೂಚಕವಾಗಿತ್ತು. ತಟಸ್ಥಕ್ಕೆ ಹತ್ತಿರವಾದ ಮಣ್ಣಿನಲ್ಲಿ ವೈವಿಧ್ಯ ಹೆಚ್ಚು, ಹುಳಿ ಮಣ್ಣಿನಲ್ಲಿ ಕಡಿಮೆ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್‌ನಲ್ಲಿ ಒಂದೇ ಪಟ್ಟಿಯ ನೆಲದಲ್ಲಿ ರಸಸಾರ ಸುಮಾರು 4ರಿಂದ 8.3ರವರೆಗೆ ಬದಲಾಗುತ್ತದೆ. ಅಲ್ಲಿ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ತೋರಿಸಿತು: ಬ್ಯಾಕ್ಟೀರಿಯಾ ಸಮುದಾಯ ರಸಸಾರವನ್ನು ಹಿಂಬಾಲಿಸುತ್ತದೆ, ಶಿಲೀಂಧ್ರಗಳು ಅಷ್ಟಾಗಿ ತಲೆಕೆಡಿಸಿಕೊಳ್ಳುವುದಿಲ್ಲ.

ಗೊಬ್ಬರ ಈ ಕಥೆಯೊಳಗೆ ಬರುವುದು ಸಾರಜನಕದ ದಾರಿಯಿಂದ. ಅಮೋನಿಯಂ ರೂಪದ ಸಾರಜನಕವನ್ನು ನೈಟ್ರೇಟಾಗಿಸುವುದು ಒಂದಷ್ಟು ಬ್ಯಾಕ್ಟೀರಿಯಾ ಮತ್ತು ನೋಟಕ್ಕೆ ಅವನ್ನೇ ಹೋಲುವ ಆರ್ಕಿಯಾ ಎಂಬ ಏಕಕೋಶ ಜೀವಿಗಳ ಕೆಲಸ, ಅವುಗಳ ಜೀವನೋಪಾಯ. ಆ ಕೆಲಸದಲ್ಲಿ ಆಮ್ಲ ಬಿಡುಗಡೆಯಾಗುತ್ತದೆ. ಪಠ್ಯಪುಸ್ತಕಗಳ ಲೆಕ್ಕದಂತೆ ಯೂರಿಯಾದ ಮೂಲಕ ಕೊಟ್ಟ ಪ್ರತಿ ಕಿಲೋ ಸಾರಜನಕದ ಹುಳಿಯನ್ನು ತಣಿಸಲು ಸುಮಾರು 1.8 ಕಿಲೋ ಸುಣ್ಣಕಲ್ಲಿನ ಪುಡಿ ಬೇಕು. ಅಮೋನಿಯಂ ಸಲ್ಫೇಟಾದರೆ ಸುಮಾರು 5.4 ಕಿಲೋ. ಅಡಿಕೆಗೆ ಶಿಫಾರಸಾದ ಪ್ರಮಾಣ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. 2.7 ಮೀಟರ್ ಅಂತರದಲ್ಲಿ ಹೆಕ್ಟೇರಿಗೆ ಸುಮಾರು 1,370 ಮರ. ಸಾರಜನಕ 137 ಕಿಲೋ. ಅದನ್ನು ಯೂರಿಯಾದಲ್ಲೇ ಕೊಟ್ಟರೆ ವರ್ಷಕ್ಕೆ ಎರಡೂವರೆ ಕ್ವಿಂಟಲ್ ಸುಣ್ಣಕಲ್ಲಿನಷ್ಟು ಹುಳಿ. ಒಂದು ವರ್ಷದ ಮಟ್ಟಿಗೆ ಇದು ದೊಡ್ಡದಲ್ಲ. ಇಪ್ಪತ್ತು ವರ್ಷದ ತೋಟದಲ್ಲಿ, ಅದೂ ಗೊಬ್ಬರವೆಲ್ಲ ಬುಡದ ಸುತ್ತಲಿನ ಪಾತಿಗೇ ಬೀಳುವಾಗ, ಇದೇ ನಿರ್ಣಾಯಕ.

ರಾಸಾಯನಿಕ ಗೊಬ್ಬರ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ ಎಂಬ ಮಾತನ್ನು ಇಲ್ಲಿಟ್ಟು ನೋಡಬೇಕು. ಗೈಸೆಲರ್ ಮತ್ತು ಸ್ಕೌ 2014ರಲ್ಲಿ 64 ದೀರ್ಘಾವಧಿ ಪ್ರಯೋಗಗಳ ಮಾಹಿತಿಯನ್ನು ಒಟ್ಟುಮಾಡಿದಾಗ, ಖನಿಜ ಗೊಬ್ಬರ ಪಡೆದ ತಾಕುಗಳಲ್ಲಿ ಸೂಕ್ಷ್ಮಜೀವಿ ರಾಶಿ ಏನೂ ಕೊಡದ ತಾಕುಗಳಿಗಿಂತ ಸರಾಸರಿ ಶೇಕಡಾ 15.1ರಷ್ಟು ಹೆಚ್ಚಿತ್ತು. ಕಾರಣ ಸರಳ: ಬೆಳೆ ಹುಲುಸಾದರೆ ಬೇರು, ಕೂಳೆ ಹೆಚ್ಚು, ಅವೇ ಸೂಕ್ಷ್ಮಜೀವಿಗಳ ಆಹಾರ. ಆದರೆ ರಸಸಾರ 5ಕ್ಕಿಂತ ಕೆಳಗಿಳಿದ ಕಡೆ ಚಿತ್ರ ತಿರುಗುಮುರುಗಾಗಿ, ಗೊಬ್ಬರ ಕೊಟ್ಟಲ್ಲೇ ರಾಶಿ ಕುಗ್ಗಿತ್ತು. ನಮ್ಮ ದೇಶದ ಅನುಭವವೂ ಬೇರೆಯಲ್ಲ. ರಾಂಚಿಯ ಹುಳಿ ಕೆಂಪು ಮಣ್ಣಿನಲ್ಲಿ 1972ರಿಂದ, ಬೆಂಗಳೂರಿನ ಜಿಕೆವಿಕೆಯಲ್ಲಿ ರಾಗಿ–ಮುಸುಕಿನ ಜೋಳದ ಸರದಿಯಲ್ಲಿ 1986ರಿಂದ ನಡೆದಿರುವ ದೀರ್ಘಾವಧಿ ಪ್ರಯೋಗಗಳಲ್ಲಿ ಸಾರಜನಕವೊಂದನ್ನೇ ಕೊಟ್ಟ ತಾಕುಗಳು ಸೊರಗಿದವು. ಸಮತೋಲದ ಗೊಬ್ಬರದ ಜೊತೆ ಕೊಟ್ಟಿಗೆ ಗೊಬ್ಬರ ಅಥವಾ ಸುಣ್ಣ ಪಡೆದವು ಚೇತರಿಸಿಕೊಂಡು ನಿಂತವು. ಶಿವಮೊಗ್ಗದ ಕೆಂಪು ನೆಲಕ್ಕೆ ಹತ್ತಿರದ ಸಾಕ್ಷಿ ಇದೇ.

ಸುಣ್ಣದ ವಿಷಯದಲ್ಲಿ ಭದ್ರಾವತಿಯದು ವಿಚಿತ್ರ ಸ್ಥಿತಿ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಊದುಕುಲುಮೆಗೆ ಸುಣ್ಣಕಲ್ಲು ಬೇಕಿತ್ತು. ಕುಲುಮೆಯಿಂದ ಹೊರಬೀಳುತ್ತಿದ್ದ ಕಿಟ್ಟದಲ್ಲಿ ಕ್ಯಾಲ್ಸಿಯಂ ಸಿಲಿಕೇಟ್ ಹೇರಳವಾಗಿತ್ತು. ಕಾಗದ ಗಿರಣಿಯ ಸುಣ್ಣದ ರಾಡಿಯೂ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟೇ. ಹುಳಿ ಮಣ್ಣನ್ನು ಸರಿಪಡಿಸುವ ಎರಡು ಪದಾರ್ಥಗಳು ಊರಿನ ಮಗ್ಗುಲಲ್ಲೇ ಬಿದ್ದಿದ್ದವು. ಭಾರಲೋಹಗಳ ಪರೀಕ್ಷೆಯಿಲ್ಲದೆ ಯಾವುದನ್ನೂ ಗದ್ದೆಗೆ ಚೆಲ್ಲಬಾರದು, ನಿಜ. ಆದರೂ ಗೊಬ್ಬರಕ್ಕೆ ಸಬ್ಸಿಡಿ, ಬೇವು ಲೇಪನಕ್ಕೆ ಆದೇಶ ಎಲ್ಲವೂ ಇದ್ದ ನಾಡಿನಲ್ಲಿ ಸುಣ್ಣ ಮಾತ್ರ ಯಾರ ಮಗುವೂ ಆಗಲಿಲ್ಲ.

ಬೇವಿನ ಮಾತು ಬಂದದ್ದರಿಂದ ಒಂದು ಸಂಗತಿ. 2015ರಿಂದ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪನ ಕಡ್ಡಾಯ. ಯೂರಿಯಾ ಅನ್ಯ ಬಳಕೆಗೆ ಸೋರದಂತೆ ತಡೆಯುವುದು ಅದರ ಒಂದು ಉದ್ದೇಶ. ಮಣ್ಣಿನೊಳಗೆ ಅದು ಅಮೋನಿಯಾ ಉತ್ಕರ್ಷಿಸುವ ಜೀವಿಗಳ ಕೈ ಕಟ್ಟುತ್ತದೆ. ಒಂದೇ ಕಸುಬಿನ ಸೂಕ್ಷ್ಮಜೀವಿಗಳನ್ನು ಗುರಿಯಾಗಿಸಿ ಇಡೀ ದೇಶದ ಹೊಲಗಳಲ್ಲಿ ಜಾರಿಗೆ ಬಂದ ನೀತಿ ಬೇರೆ ಇರಲಾರದು.

ಗದ್ದೆ ತೋಟವಾದಾಗ

ಕೆಸರು ಹೊಡೆದು ನೀರು ನಿಲ್ಲಿಸಿದ ಗದ್ದೆಯಲ್ಲಿ ಆಮ್ಲಜನಕ ಒಂದೆರಡು ದಿನಗಳಲ್ಲೇ ಮುಗಿದುಹೋಗುತ್ತದೆ. ಅಲ್ಲಿಂದ ಸೂಕ್ಷ್ಮಜೀವಿಗಳು ಸರದಿಯ ಮೇಲೆ ಬೇರೆ ಬೇರೆ ವಸ್ತುಗಳನ್ನು ಉಸಿರಾಟಕ್ಕೆ ಬಳಸುತ್ತವೆ: ಮೊದಲು ನೈಟ್ರೇಟ್, ಆಮೇಲೆ ಮ್ಯಾಂಗನೀಸ್, ಕಬ್ಬಿಣ, ಸಲ್ಫೇಟ್, ಕೊನೆಗೆ ಇಂಗಾಲದ ಡೈಆಕ್ಸೈಡ್. ಈ ಕೊನೆಯ ಹಂತದಲ್ಲಿ ಮೀಥೇನ್ ಹುಟ್ಟಿಸುವ ಆರ್ಕಿಯಾಗಳು ಮೇಲುಗೈ ಪಡೆಯುತ್ತವೆ. ಕಬ್ಬಿಣ ತುಂಬಿದ ನಮ್ಮ ಕೆಂಪು ಮಣ್ಣಿನಲ್ಲಿ ಮೂರನೆಯ ಹಂತಕ್ಕೆ ವಿಶೇಷ ತೂಕ. ಕಬ್ಬಿಣ ಕರಗುವಾಗ ಆಮ್ಲ ಖರ್ಚಾಗಿ, ಹುಳಿ ಮಣ್ಣಿನ ರಸಸಾರ ಕೆಲವೇ ವಾರಗಳಲ್ಲಿ ತಟಸ್ಥದತ್ತ ಏರುತ್ತದೆ. ಕಬ್ಬಿಣಕ್ಕೆ ಅಂಟಿದ್ದ ರಂಜಕವೂ ಬಿಡಿಸಿಕೊಂಡು ಭತ್ತಕ್ಕೆ ಸಿಗುತ್ತದೆ. ಭತ್ತದ ಬೇರಿನ ಸುತ್ತ ಮಾತ್ರ ತೆಳ್ಳಗಿನ ಗಾಳಿಯಾಡುವ ಪದರ. ಬೇರು ತನ್ನ ಟೊಳ್ಳಿನ ಮೂಲಕ ಆಮ್ಲಜನಕವನ್ನು ಕೆಳಗೆ ಒಯ್ಯುತ್ತದೆ. ಒಂದು ಅಂಗುಲದ ಅಂತರದಲ್ಲಿ ಎರಡು ಲೋಕ. ಗದ್ದೆಯ ಮೇಲೆ ಎರಚಿದ ಯೂರಿಯಾದ ಸಾರಜನಕ ಮೇಲಿನ ಗಾಳಿಪದರದಲ್ಲಿ ನೈಟ್ರೇಟಾಗಿ, ಕೆಳಗಿಳಿದು, ಅಲ್ಲಿನ ಬ್ಯಾಕ್ಟೀರಿಯಾಗಳ ಉಸಿರಿಗೆ ಸಿಕ್ಕಿ ಅನಿಲವಾಗಿ ಹಾರಿಹೋಗುವುದು ಈ ಎರಡು ಲೋಕಗಳ ನಡುವಿನ ವ್ಯವಹಾರದಿಂದಲೇ. ಇದೇ ನಿಂತ ನೀರು ನೀಲಿ-ಹಸಿರು ಪಾಚಿಗೂ ಮನೆ. ಗದ್ದೆಯ ಸಾರಜನಕಕ್ಕೆ ಅದರ ಕೊಡುಗೆಯಿದೆ ಎಂದು ಪಿ. ಕೆ. ಡೇ 1939ರಲ್ಲೇ ತೋರಿಸಿಕೊಟ್ಟಿದ್ದರು.

ಈ ಗದ್ದೆಗೆ ಬಸಿಗಾಲುವೆ ತೆಗೆದು, ಕೆರೆಯ ಗೋಡು ಹೊಡೆಸಿ, ಅಡಿಕೆ ನೆಟ್ಟರೆ ಎಲ್ಲವೂ ಹಿಂದುಮುಂದಾಗುತ್ತದೆ. ಕಬ್ಬಿಣ ಮತ್ತೆ ತುಕ್ಕಾಗಿ ರಂಜಕವನ್ನು ಹಿಡಿದಿಡುತ್ತದೆ. ನೀರು ಪ್ರತಿ ಹಂಗಾಮಿನಲ್ಲಿ ಪುಕ್ಕಟೆಯಾಗಿ ಮಾಡುತ್ತಿದ್ದ ಹುಳಿ ತಣಿಸುವ ಕೆಲಸ ನಿಂತುಹೋಗುತ್ತದೆ. ಸುಣ್ಣದ ಅಗತ್ಯ ತೋಟದಲ್ಲಿ ಗದ್ದೆಗಿಂತ ಹೆಚ್ಚಾಗುವುದು ಇದರಿಂದ. ಉಳುಮೆ ನಿಂತ ನೆಲದಲ್ಲಿ ಶಿಲೀಂಧ್ರಗಳ ಎಳೆಗಳು ತುಂಡಾಗದೆ ಹಬ್ಬುತ್ತವೆ. ಬೇರುರೋಮ ಕಡಿಮೆಯಿರುವ ತಾಳೆ ಕುಟುಂಬದ ಮರಗಳಿಗೆ, ಬೇರಿನೊಡನೆ ಬಾಳುತ್ತ ರಂಜಕ ಒದಗಿಸುವ ಮೈಕೊರೈಜಾ ಶಿಲೀಂಧ್ರದ ನಂಟು ಬೇಕೇಬೇಕು. ನೀರು ನಿಂತ ಗದ್ದೆಯಲ್ಲಿ ಕ್ಷೀಣಿಸಿದ್ದ ಆ ನಂಟು ತೋಟದಲ್ಲಿ ಮತ್ತೆ ಕೂಡಿಬರಲು ಅವಕಾಶವುಂಟು. ಆದರೆ ಭತ್ತದ ಕಾಲದ ರೂಢಿಯಂತೆ ಕಾಂಪ್ಲೆಕ್ಸ್ ಗೊಬ್ಬರವನ್ನು ಧಾರಾಳವಾಗಿ ಸುರಿದರೆ ಮರಕ್ಕೆ ಶಿಲೀಂಧ್ರದ ಹಂಗೇ ಬೇಡವಾಗುತ್ತದೆ. ಮೈಕೊರೈಜಾ ಕುರಿತು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಡಿ. ಜೆ. ಬಾಗ್ಯರಾಜ್ ಮತ್ತು ಅವರ ಶಿಷ್ಯರು ದಶಕಗಳ ಕಾಲ ಮಾಡಿದ ಕೆಲಸ ನಮ್ಮ ಕೈಯಲ್ಲಿದೆ. ಅದನ್ನು ಗದ್ದೆಯಿಂದ ತೋಟವಾದ ನೆಲಕ್ಕೆ ಒಯ್ಯಬೇಕು.

ಇನ್ನೊಂದು ತೊಡಕು ಕಣ್ಣಿಗೆ ಕಾಣದ್ದು. ವರ್ಷಗಟ್ಟಲೆ ಕೆಸರು ಹೊಡೆದು ಗದ್ದೆಯ ಅಡಿಯಲ್ಲಿ ಗಟ್ಟಿ ಪದರ ಕಟ್ಟಿರುತ್ತದೆ. ಬಸಿಗಾಲುವೆ ಆಳವಾಗಿಲ್ಲದಿದ್ದರೆ ತೋಟ ಮೇಲೆ ಮಾತ್ರ ತೋಟ, ಕೆಳಗೆ ಇನ್ನೂ ಗದ್ದೆ. ನೀರು ಬಸಿಯದ ತೋಟಗಳಲ್ಲಿ ಅಣಬೆ ರೋಗ ಬುಡ ಹಿಡಿಯುವುದು ಬೆಳೆಗಾರರಿಗೆ ಗೊತ್ತಿರುವ ಸಂಗತಿ.

ತಾಮ್ರ

ಅಡಿಕೆಯ ಜೊತೆ ಇನ್ನೊಂದು ವಸ್ತುವೂ ಮಣ್ಣಿಗೆ ಬರುತ್ತದೆ, ಗೊಬ್ಬರದ ಚರ್ಚೆಯಲ್ಲಿ ಅದು ಕಾಣಿಸಿಕೊಳ್ಳುವುದೇ ಇಲ್ಲ. ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಕೊಳೆರೋಗವನ್ನು ಅಭ್ಯಸಿಸಿ 1910ರಲ್ಲಿ ವರದಿ ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಅಡಿಕೆ ಸೀಮೆಯ ಮಳೆಗಾಲದ ವಾಡಿಕೆಯಾದದ್ದು ಆ ಕಾಲದ ಕೆಲಸದಿಂದ. ಶೇಕಡಾ ಒಂದರ ದ್ರಾವಣದಲ್ಲಿ 100 ಲೀಟರಿಗೆ ಒಂದು ಕಿಲೋ ಮೈಲುತುತ್ತ, ಅದರಲ್ಲಿ ಕಾಲುಭಾಗ ತಾಮ್ರ. ಹೆಕ್ಟೇರಿಗೆ 1,000 ಲೀಟರ್, ವರ್ಷಕ್ಕೆ ಎರಡು ಸಿಂಪಡಣೆ ಎಂದು ಇಟ್ಟುಕೊಂಡರೆ ಐದು ಕಿಲೋ ತಾಮ್ರ. ಮೇಲಿನ 15 ಸೆಂಟಿಮೀಟರ್ ಮಣ್ಣಿನ ತೂಕ ಸುಮಾರು 20 ಲಕ್ಷ ಕಿಲೋ. ಎಲ್ಲವೂ ಅಲ್ಲೇ ಉಳಿದರೆ ವರ್ಷಕ್ಕೆ ಪ್ರತಿ ಕಿಲೋ ಮಣ್ಣಿಗೆ 2.5 ಮಿಲಿಗ್ರಾಂ, ನಲವತ್ತು ವರ್ಷಕ್ಕೆ 100. ಸಾರಜನಕ ಹಾರಿಹೋಗುತ್ತದೆ, ಪೊಟ್ಯಾಷ್ ಬಸಿದುಹೋಗುತ್ತದೆ. ತಾಮ್ರ ಬಹುಪಾಲು ಉಳಿಯುತ್ತದೆ. ಸಾವಯವ ಪದಾರ್ಥ ಅದನ್ನು ಹಿಡಿದಿಟ್ಟುಕೊಂಡಿರುವವರೆಗೆ ತೊಂದರೆ ಕಡಿಮೆ. ಹುಳಿತನ ಹೆಚ್ಚಿದಂತೆ ಅದು ಸಡಿಲವಾಗಿ ಸೂಕ್ಷ್ಮಜೀವಿಗಳಿಗೂ ಎರೆಹುಳುವಿಗೂ ವಿಷವಾಗುತ್ತದೆ. ಯೂರಿಯಾದ ಹುಳಿ ಮತ್ತು ಬೋರ್ಡೋದ ತಾಮ್ರವನ್ನು ಬೇರೆ ಬೇರೆ ಅಳೆದರೆ ಎರಡೂ ನಿರಪಾಯವೆನಿಸಬಹುದು. ಒಂದೇ ಬುಡದಲ್ಲಿ ಸೇರಿದಾಗ ಹಾಗಲ್ಲ. 'ಸಾವಯವ' ತೋಟಗಳಲ್ಲೂ ಬೋರ್ಡೋ ಹೊಡೆಯುತ್ತಾರೆ ಎಂಬುದನ್ನು ಇಲ್ಲಿ ನೆನೆಯಬೇಕು.

ಸೊಪ್ಪು, ಸಿಪ್ಪೆ, ಜೀವಾಮೃತ

ಮಲೆನಾಡಿನ ಹಳೆಯ ತೋಟಗಳು ನಿಂತಿದ್ದದ್ದು ಸೊಪ್ಪಿನಬೆಟ್ಟದ ಮೇಲೆ. ಕಾಡಿನ ಸೊಪ್ಪು, ದರಕು ಕೊಟ್ಟಿಗೆಗೆ ಬಂದು, ಸಗಣಿ ಗಂಜಲ ಕುಡಿದು, ಮರದ ಬುಡ ಸೇರುತ್ತಿತ್ತು. ಅಚ್ಚುಕಟ್ಟಿನ ಹೊಸ ತೋಟಗಳಿಗೆ ಬೆಟ್ಟವಿಲ್ಲ, ಹಲವರಿಗೆ ದನವೂ ಇಲ್ಲ. ಅಡಿಕೆಯ ಶಿಫಾರಸಿನಲ್ಲಿ ಮರಕ್ಕೆ 12 ಕಿಲೋ ಹಸಿರು ಸೊಪ್ಪು, ಅಷ್ಟೇ ಕಾಂಪೋಸ್ಟ್ ಎಂಬ ಸಾಲು ಕಾಗದದಲ್ಲೇ ಉಳಿಯುತ್ತದೆ. ಇತ್ತ ಸುಲಿಗೆಯ ಕಾಲದಲ್ಲಿ ರಸ್ತೆ ಬದಿಗಳಲ್ಲಿ ಅಡಿಕೆ ಸಿಪ್ಪೆಯ ರಾಶಿ ಹೊಗೆಯಾಡುತ್ತಿರುತ್ತದೆ. ಲಿಗ್ನಿನ್ ಹೆಚ್ಚಿರುವ ಸಿಪ್ಪೆ ಬೇಗ ಕೊಳೆಯದು, ಆದರೆ ಶಿಲೀಂಧ್ರಗಳಿಗೆ ಅದೇ ಮೇವು. ತೋಟದಿಂದ ಹೊರಟ ಇಂಗಾಲವನ್ನು ತೋಟಕ್ಕೆ ಮರಳಿಸದೆ ಸುಡುವುದು ಈ ಸೀಮೆಯ ಅತಿ ದೊಡ್ಡ ಜೈವಿಕ ನಷ್ಟವೆಂದು ನನ್ನ ಅಭಿಪ್ರಾಯ.

ಜೀವಾಮೃತದ ಬಗ್ಗೆಯೂ ಒಂದು ಅಂದಾಜು ಲೆಕ್ಕ ಹಾಕಬಹುದು. ಸುಭಾಷ್ ಪಾಳೇಕರ್ ಪದ್ಧತಿಯಲ್ಲಿ ಎಕರೆಗೆ 200 ಲೀಟರ್: ಹತ್ತು ಕಿಲೋ ಸಗಣಿ, ಗಂಜಲ, ತಲಾ ಎರಡು ಕಿಲೋ ಬೆಲ್ಲ ಮತ್ತು ದ್ವಿದಳ ಹಿಟ್ಟು, ಹಿಡಿ ಮಣ್ಣು. ಇದರ ಇಂಗಾಲ ಎರಡು ಮೂರು ಕಿಲೋ ಮೀರದು. ಸಾವಯವ ಇಂಗಾಲ ಶೇಕಡಾ ಒಂದಿರುವ ಎಕರೆ ನೆಲದ ಮೇಲ್ಪದರದಲ್ಲಿ ಸುಮಾರು ಎಂಟು ಸಾವಿರ ಕಿಲೋ ಇಂಗಾಲವಿದೆ. ಅದರಲ್ಲಿ ಸೂಕ್ಷ್ಮಜೀವಿಗಳ ಪಾಲು ಶೇಕಡಾ ಎರಡೆಂದರೂ 160 ಕಿಲೋ. ಹೊರಗಿನಿಂದ ಬಂದ ಜೀವಿಗಳು ಅಲ್ಲಿ ನೆಲೆಯೂರುವ ಸಂಭವ ಕಡಿಮೆ. ಬೆಲ್ಲದ ಸಕ್ಕರೆ ಕೆಲವು ದಿನ ಉಸಿರಾಟವನ್ನು ಏರಿಸುತ್ತದೆ, ಇಳಿಯುತ್ತದೆ. ಆ ಪದ್ಧತಿಯ ತೋಟಗಳಲ್ಲಿ ಮಣ್ಣು ಸುಧಾರಿಸಿದ್ದನ್ನು ಅಲ್ಲಗಳೆಯಬೇಕಿಲ್ಲ. ಅವರು ಜೊತೆಗೇ ಮಾಡುವ ಮುಚ್ಚಿಗೆ, ಮಿಶ್ರಬೆಳೆ, ಉಳುಮೆಯ ನಿಲುಗಡೆಗಳಿಂದ ಜೀವಾಮೃತವನ್ನು ಬೇರ್ಪಡಿಸಿ ಅಳೆಯುವ ಪ್ರಯೋಗ ಬೇಕು, ಅಷ್ಟೆ.

ಕೆಳದಿಯ ಶಿವಪ್ಪ ನಾಯಕ ಕಂದಾಯ ನಿಗದಿ ಮಾಡುವ ಮೊದಲು ಹನ್ನೆರಡು ವರ್ಷ ಹಳ್ಳಿ ಹಳ್ಳಿಯಲ್ಲೂ ಒಂದೊಂದು ಬಗೆಯ ಹೊಲವನ್ನು ತನ್ನ ಲೆಕ್ಕದಲ್ಲೇ ಸಾಗುವಳಿ ಮಾಡಿಸಿ ಖರ್ಚು–ಉತ್ಪತ್ತಿ ಬರೆಸಿಟ್ಟನೆಂದು ಗ್ಯಾಸೆಟಿಯರುಗಳು ಹೇಳುತ್ತವೆ. ಅವನ ಹೆಸರಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯ 2012ರಿಂದ ಶಿವಮೊಗ್ಗ ಜಿಲ್ಲೆಯಲ್ಲಿದೆ. ಅಷ್ಟೇ ದೀರ್ಘ ತಾಳ್ಮೆಯ ಕೆಲಸ ಇಲ್ಲಿ ಬೇಕಾಗಿದೆ: ಒಂದೇ ತೂಬಿನ ಕೆಳಗೆ, ಒಂದೇ ಮಣ್ಣಿನಲ್ಲಿ, ಇಂದೂ ಭತ್ತ ಬೆಳೆಯುವ ಗದ್ದೆ, ಐದು, ಹದಿನೈದು, ಮೂವತ್ತು ವರ್ಷದ ತೋಟಗಳು. ಮರದ ಬುಡದಿಂದ ಒಂದು, ಸಾಲುಗಳ ನಡುವಿನಿಂದ ಒಂದು, ಗಟ್ಟಿ ಪದರದ ಕೆಳಗಿನಿಂದ ಒಂದು ಮಾದರಿ. ರಸಸಾರ, ಇಂಗಾಲ, ತಾಮ್ರ, ಸೂಕ್ಷ್ಮಜೀವಿ ರಾಶಿ ಒಟ್ಟಿಗೆ. ಡಿಎನ್‌ಎ ಎಣಿಕೆಯೊಂದನ್ನೇ ನಂಬುವಂತಿಲ್ಲ, ಏಕೆಂದರೆ ಮೀಥೇನ್ ಆರ್ಕಿಯಾಗಳು ಒಣಗಿದ ಮಣ್ಣಿನಲ್ಲೂ ನಿಷ್ಕ್ರಿಯವಾಗಿ ಬದುಕುಳಿಯಬಲ್ಲವು, ಚಟುವಟಿಕೆಯನ್ನೂ ಅಳೆಯಬೇಕು. ಮೇಲಿನ ವಾದ ಸರಿಯಾಗಿದ್ದರೆ, ಮೂವತ್ತು ವರ್ಷದ ತೋಟದ ಬುಡ ಮತ್ತು ಸಾಲಿನ ನಡುವಣ ಬ್ಯಾಕ್ಟೀರಿಯಾ ಸಮುದಾಯಗಳ ಅಂತರ, ಸಾವಯವ ತೋಟ ಮತ್ತು ಪಕ್ಕದ ರಾಸಾಯನಿಕ ತೋಟದ ನಡುವಿನ ಅಂತರಕ್ಕಿಂತ ದೊಡ್ಡದಾಗಿರಬೇಕು. ಹಾಗಿಲ್ಲವೆಂದು ಕಂಡರೆ ಈ ವಾದವನ್ನು ಕೈಬಿಡಬೇಕಾಗುತ್ತದೆ.